ಲಕೋಟೆ ಬಿಡಿಸಿದವರು

ನಾನು ಮೊದಲು ಟೀಚರಾಗಿ ಸೇರಿದ ಶಾಲೆ ಕಡಬದಿಂದ ಎರಡು ಮೈಲು ಒಳಗಿತ್ತು. ಐದನೇ ಕ್ಲಾಸಿನವರೆಗೆ ಮಾತ್ರ ಇದ್ದ ಶಾಲೆ; ಹೆಡ್‌ಮಾಸ್ತರರು ಒಬ್ಬರು, ನಾನೊಬ್ಬಳು. ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಯಾ ಪೈಸೆ ಬಂದು ಹೆಚ್ಚು ಸಮಯ ಆಗಿರಲಿಲ್ಲ, ಅಂಗಡಿಯಲ್ಲಿ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ನಮ್ಮ ಮನೆ ಸುಳ್ಯದ ಹತ್ತಿರ ಅಜ್ಜಾವರದಲ್ಲಿ. ದಿನಾ ಹೋಗಿ ಬರುವ ದೂರವಲ್ಲ. ಆದ್ದರಿಂದ ಅಪ್ಪ ನನ್ನನ್ನು ಶಾಲೆಯ ಹತ್ತಿರವೇ ಇದ್ದ ತನ್ನ ಅಕ್ಕನ ಮನೆಯಲ್ಲಿ ಬಿಟ್ಟರು. ಬಿಡುವಾಗ ಅಂಗಳದಲ್ಲಿ ನಿಂತು ಅವರಿಬ್ಬರೂ ಸ್ವಲ್ಪ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿದ್ದು ನನಗೆ ನೆನಪಿದೆ. ಮದುವೆಯಾಗದ ಇಪ್ಪತ್ತರ ಹುಡುಗಿಯನ್ನು ಬೇರೆ ಊರಲ್ಲಿ ಬಿಡುವ ಅಪ್ಪ ಅಕ್ಕನಿಗೆ ಏನು ಹೇಳಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಅತ್ತೆ ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವರು. ಗಂಡನ ಪಾಲಿಗೆ ಬಂದ ಎರಡು ಕೋಣೆಯ ಮನೆ, ಒಂದು ಗದ್ದೆ, ಒಂದು ದನ, ಇಷ್ಟು ಅವರದ್ದು. ಬೆಳಿಗ್ಗೆ ಹಾಲು ಕರೆದು ಮಾರ್ಗದ ಬದಿಯ ಚಾ ಹೋಟೆಲಿಗೆ ಕೊಡುತ್ತಿದ್ದರು. ಮಾತು ಕಡಿಮೆ. ಓದು ಬರಹ ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು; ರೇಷನ್ನಿನ ಪುಸ್ತಕಕ್ಕೂ ಹೆಬ್ಬೆಟ್ಟೇ ಒತ್ತುತ್ತಿದ್ದರು. ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದು ಸುಳ್ಯದ ಕಡೆಯ ಅರೆಭಾಷೆ. ಅದನ್ನು ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬದಲಿಸಿ ಬರೆಯುತ್ತಿದ್ದೇನೆ.

ನಾನು ಕವನ ಬರೆಯುತ್ತೇನೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಟ್ರೈನಿಂಗಿನಲ್ಲಿದ್ದಾಗಲೇ ಎರಡು ನೋಟು ಪುಸ್ತಕ ತುಂಬಿಸಿದ್ದೆ. ಬರೆಯುವುದು ಅಷ್ಟು ಕಷ್ಟ ಅನಿಸಿರಲಿಲ್ಲ. ಬರೆದದ್ದನ್ನು ಎಲ್ಲಿಗೆ ಕಳಿಸಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಹೆಡ್‌ಮಾಸ್ತರರು ಒಂದು ವಾರಪತ್ರಿಕೆ ತರಿಸುತ್ತಿದ್ದರು. ಅದರ ಕೊನೆಯ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಪತ್ರಿಕೆಯ ವಿಳಾಸ ಇತ್ತು. ಅದೊಂದು ಸಿಕ್ಕಿತು. ಉಳಿದವು ಪೊಟ್ಟಣದ ಕಾಗದದಲ್ಲಿ ಸಿಕ್ಕಿದವು. ಸಾಸಿವೆ, ಜೀರಿಗೆ ಕಟ್ಟಿ ಕೊಡುವ ಹಳೆಯ ಪತ್ರಿಕೆಗಳ ಹಾಳೆಯನ್ನು ಬಿಡಿಸಿ, ಕೈಯಿಂದ ಉಜ್ಜಿ ಸಪಾಟು ಮಾಡಿ ಅಡಿಯ ಸಾಲು ಹುಡುಕುತ್ತಿದ್ದೆ. ಕೆಲವೊಮ್ಮೆ ಊರಿನ ಹೆಸರು ಇದ್ದು ಬೀದಿಯ ಹೆಸರು ಹರಿದಿರುತ್ತಿತ್ತು. ಕೆಲವೊಮ್ಮೆ ಎಲ್ಲವೂ ಇದ್ದು ಆ ಪತ್ರಿಕೆ ಈಗ ಬದುಕಿದೆಯೋ ಸತ್ತಿದೆಯೋ ತಿಳಿಯುತ್ತಿರಲಿಲ್ಲ.

ತಿಂಗಳಿಗೊಮ್ಮೆ ಶಾಲೆಯ ಕೆಲಸಕ್ಕೆ ಪುತ್ತೂರಿಗೆ ಹೋಗುವುದಿತ್ತು. ಅಲ್ಲಿ ಪೇಟೆಯ ಒಂದು ಮಾಳಿಗೆಯಲ್ಲಿ ವಾಚನಾಲಯ ಇತ್ತು. ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ನಾನು ಹೋಗಿ ಬೆಂಚಿನ ತುದಿಯಲ್ಲಿ ಕುಳಿತು, ಒಂದೊಂದು ಪತ್ರಿಕೆಯ ಕೊನೆಯ ಪುಟ ತಿರುಗಿಸಿ ಪೆನ್ಸಿಲಿನಲ್ಲಿ ವಿಳಾಸ ಬರೆದುಕೊಳ್ಳುತ್ತಿದ್ದೆ. ಎರಡನೇ ಸಲವೇ ಅಲ್ಲಿ ನೋಡಿಕೊಳ್ಳುವ ಹಿರಿಯರು ಬಂದು ನನ್ನ ಹಿಂದೆ ನಿಂತರು.

"ಎಂತ ಬರಕೊಳ್ಳುದು ನೀವು?"

"ವಿಳಾಸ."

"ಯಾರದ್ದು?"

"ಈ ಪತ್ರಿಕೆಯದ್ದು."

"ಪತ್ರಿಕೆ ಇಲ್ಲಿಗೇ ಬರ್ತದಲ್ಲ, ಮತ್ತೆ ನಿಮಗೆ ಅದರ ವಿಳಾಸ ಎಂತಕ್ಕೆ?"

ಅವರು ನನ್ನೆದುರಿನ ಪತ್ರಿಕೆಗಳನ್ನೆಲ್ಲ ಎತ್ತಿಕೊಂಡು, ಅಲ್ಲೇ ನಿಂತು, ನಾನು ಹಾಳೆ ಹರಿದಿದ್ದೇನೆಯೋ ಎಂದು ಒಂದೊಂದಾಗಿ ತಿರುಗಿಸಿ ನೋಡಿದರು. ಹರಿದಿರಲಿಲ್ಲ. ಆದರೂ ಮುಂದಿನ ತಿಂಗಳಿಂದ ನಾನು ಮೆಟ್ಟಿಲು ಹತ್ತಿದ ಕೂಡಲೇ ಅವರು ತಮ್ಮ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿ ಕೂರುತ್ತಿದ್ದರು.

ಹೀಗೆ ಏಳೆಂಟು ವಿಳಾಸ ಒಟ್ಟಾಯಿತು. ಎಲ್ಲ ಕಡೆಯೂ ನಿಯಮ ಹೆಚ್ಚು ಕಡಿಮೆ ಒಂದೇ. ಕಾಗದದ ಒಂದೇ ಬದಿಯಲ್ಲಿ ಬರೆಯಬೇಕು. ಬೇಡವಾದದ್ದು ವಾಪಸು ಬೇಕಿದ್ದರೆ ನಮ್ಮ ವಿಳಾಸವನ್ನು ನಾವೇ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಒಳಗಿಡಬೇಕು. ನಾನು ಹಾಗೇ ಮಾಡಿದೆ.

ನಮ್ಮ ಊರಿನ ಅಂಚೆ ಕಚೇರಿ ಎಂದರೆ ಜಿನಸಿನ ಅಂಗಡಿಯ ಒಂದು ಮೂಲೆ. ಅಂಗಡಿಯವರೇ ಪೋಸ್ಟ್ ಮಾಸ್ಟರು. ಐವತ್ತು ದಾಟಿದವರು, ಬೆಲ್ಲದ ಕೈಯನ್ನು ಒರೆಸಿಕೊಂಡು ಬಂದು ಮುದ್ರೆ ಒತ್ತುವವರು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಟಪ್ಪಾಲು ಹೋಗುತ್ತಿತ್ತು. ಮೊದಲ ಲಕೋಟೆಯನ್ನು ಅವರು ಕೈಯಲ್ಲೇ ತೂಗಿ ನೋಡಿದರು.

"ಟೀಚರೇ, ಒಳಗೆ ಎಂತ? ಬರೀ ಬರೆದ ಕಾಗದವಾದರೆ ಬುಕ್ ಪೋಸ್ಟ್ ಮಾಡಿ. ಖರ್ಚು ಕಡಿಮೆ. ಆದರೆ ಬಾಯಿ ಅಂಟಿಸಬಾರದು, ತೆರೆದಿಡಬೇಕು."

"ಬೇಡ, ಅಂಟಿಸಿಯೇ ಕಳಿಸ್ತೇನೆ."

"ಯಾರೂ ನೋಡುದಿಲ್ಲ ಮಾರಾಯ್ರೆ."

"ಬೇಡ."

ಅವರು ನನ್ನ ಮುಖ ನೋಡಿದರು. ಕಡಿಮೆ ಖರ್ಚು ಬೇಡ ಅನ್ನುವ ಗಿರಾಕಿಯನ್ನು ಅವರು ಅಲ್ಲಿಯವರೆಗೆ ಕಂಡಿರಲಿಕ್ಕಿಲ್ಲ.

ಒಂದೂವರೆ ತಿಂಗಳ ಮೇಲೆ ಕವನ ವಾಪಸು ಬಂತು. ನಾನು ಮಡಚಿದ ಹಾಗೇ ಇತ್ತು. ಮಡಿಕೆಯ ಗೆರೆ ಕೂಡ ಹೊಸತಾಗಿಯೇ ಇತ್ತು. ಇದನ್ನು ಅವರು ಓದಿಯೇ ಇಲ್ಲ ಎಂಬ ಸಂಶಯ ನನಗೆ ಬಂತು. ಬಂದ ಮೇಲೆ ಹೋಗಲಿಲ್ಲ. ಮುಂದಿನ ಸಲ ಮೂರು ಹಾಳೆ ಕವನ ಕಳಿಸುವಾಗ ಎರಡನೆಯ ಮತ್ತು ಮೂರನೆಯ ಹಾಳೆಯ ಕೆಳಮೂಲೆಯನ್ನು ಒಂದು ಅನ್ನದ ಅಗುಳಿನಿಂದ ಮೆಲ್ಲಗೆ ಅಂಟಿಸಿದೆ. ಓದಿದವರು ಹಾಳೆ ತಿರುಗಿಸುವಾಗ ಅದು ಬಿಡಲೇಬೇಕು. ಓದದಿದ್ದರೆ ಹಾಗೇ ಇರುತ್ತದೆ.

ಹಾಗೇ ಇತ್ತು. ಇನ್ನೊಂದು ಪತ್ರಿಕೆಗೆ ಕಳಿಸಿದೆ. ಅದೂ ಅಗುಳಿನ ಸಮೇತ ಬಂತು. ಆ ದಿನ ನನಗಾದ ಅವಮಾನವನ್ನು ಹೇಳಿ ಪ್ರಯೋಜನವಿಲ್ಲ. ಚೆನ್ನಾಗಿಲ್ಲ ಎಂದಿದ್ದರೆ ಅಳಬಹುದಿತ್ತು. ನೋಡಿಯೇ ಇಲ್ಲ ಎಂದರೆ ಯಾರ ಮೇಲೆ ಕೋಪ ಮಾಡಿಕೊಳ್ಳುವುದು?

ಅಷ್ಟರಲ್ಲಿ ಅಂಗಡಿಯಲ್ಲಿ ಬೇರೆಯೇ ಒಂದು ವಿಷಯ ಎದ್ದಿತ್ತು. ಒಂದು ಶುಕ್ರವಾರ ಎಣ್ಣೆಗೆ ಬಂದವರು, ಬೀಡಿ ಸೇದುತ್ತಾ ಕೂತವರು ಎಲ್ಲರ ಎದುರು ಪೋಸ್ಟ್ ಮಾಸ್ಟರು ಲಕೋಟೆ ಎತ್ತಿ ಹಿಡಿದರು.

"ಟೀಚರೇ, ನಿಮಗೆ ನೀವೇ ಕಾಗದ ಬರೆದದ್ದುಂಟು."

ಎಲ್ಲರೂ ನಕ್ಕರು. ನಾನು ತೆಗೆದುಕೊಂಡು ಬಂದೆ. ಆದರೆ ನಗೆ ಅಲ್ಲಿಗೇ ನಿಲ್ಲಲಿಲ್ಲ. ಟೀಚರಿಗೆ ಬರುವ ದಪ್ಪ ಕಾಗದಗಳೆಲ್ಲ ಟೀಚರದ್ದೇ ಅಕ್ಷರದಲ್ಲಿ ಬರುವುದು ಹೇಗೆ? ಮಂಗಳೂರಿನಲ್ಲಿ ಯಾರೋ ಇದ್ದಾನೆ, ಇವಳು ತನ್ನ ಅಕ್ಷರದಲ್ಲಿ ವಿಳಾಸ ಬರೆದ ಲಕೋಟೆಗಳನ್ನು ಅವನಿಗೆ ಕೊಟ್ಟಿದ್ದಾಳೆ, ಅವನು ಒಳಗೆ ಕಾಗದ ಇಟ್ಟು ಕಳಿಸುತ್ತಾನೆ, ಗಂಡಸಿನ ಅಕ್ಷರ ಯಾರಿಗೂ ಕಾಣಬಾರದಲ್ಲ ಎಂದು ಊರು ತೀರ್ಮಾನಿಸಿತು. ಹೆಡ್‌ಮಾಸ್ತರರ ಮೂಲಕ ಈ ಸುದ್ದಿ ನನ್ನ ಕಿವಿಗೆ ಬಿದ್ದಾಗ ಸಿಟ್ಟಿನ ನಡುವೆಯೂ ಒಂದು ಹೊಟ್ಟೆಕಿಚ್ಚು ಆಯಿತು. ಅಷ್ಟು ಒಳ್ಳೆಯ ಕತೆ ನನಗೆ ಹೊಳೆದಿರಲಿಲ್ಲ.

ಅತ್ತೆ ಒಂದು ದಿನ ಊಟಕ್ಕೆ ಬಡಿಸುತ್ತಾ ಕೇಳಿದರು.

"ಅಂಗಡಿಯಲ್ಲಿ ಎಂತದೋ ಹೇಳ್ತಾರಂತೆ?"

"ಶಾಲೆಯ ಕಾಗದ ಅತ್ತೆ. ಅವರಿಗೆ ಎಂತ ಗೊತ್ತುಂಟು?"

"ಹಾಂ," ಎಂದರು. ಮತ್ತೆ ಕೇಳಲಿಲ್ಲ.

ಆ ಮೇಲೆ ನಾನು ಹೆಚ್ಚು ಜಾಗ್ರತೆಯಾದೆ. ಬರೆಯುವುದನ್ನು ಆದಿತ್ಯವಾರಕ್ಕೆ ಇಟ್ಟುಕೊಂಡು, ಲಕೋಟೆಯ ಬಾಯಿ ಅಂಟಿಸಿ ನಾನು ಬಟ್ಟೆ ಇಡುವ ಹಲಗೆಯ ಮೇಲೆ ಇಡುತ್ತಿದ್ದೆ. ಮಂಗಳವಾರ ಶಾಲೆಗೆ ಹೋಗುವಾಗ ಅಂಗಡಿಯಲ್ಲಿ ಕೊಡುತ್ತಿದ್ದೆ. ಆಗಲೇ ಆಶ್ಚರ್ಯ ಶುರುವಾದದ್ದು. ಮುಂದಿನ ಕವನ ವಾಪಸು ಬಂದಾಗ ಅಗುಳು ಬಿಟ್ಟಿತ್ತು! ಅದರ ಮುಂದಿನದು ದೊಡ್ಡ ಪತ್ರಿಕೆಯಿಂದ ಬಂತು. ಅದರಲ್ಲೂ ಅಗುಳು ಬಿಟ್ಟಿತ್ತು, ಒಂದು ಸಾಲಿನ ಬದಿಯಲ್ಲಿ ಬೆರಳಿನ ಮಾಸಲು ಗುರುತೂ ಇತ್ತು. ಅವರು ಓದಿದ್ದಾರೆ, ಆ ಸಾಲಿನಲ್ಲಿ ನಿಂತಿದ್ದಾರೆ ಎಂದು ನಾನು ಎಷ್ಟು ಹಿಗ್ಗಿದೆನೆಂದರೆ ಆ ಸಾಲನ್ನೇ ಹಿಗ್ಗಿಸಿ ಮತ್ತೊಂದು ಕವನ ಬರೆದೆ.

ಆ ಕವನವನ್ನು ಸಾಸಿವೆ ಪೊಟ್ಟಣದಲ್ಲಿ ವಿಳಾಸ ಸಿಕ್ಕಿದ ಒಂದು ಮಾಸಪತ್ರಿಕೆಗೆ ಕಳಿಸಿದೆ. ಅದು ಎರಡು ತಿಂಗಳ ಮೇಲೆ ಬಂತು. ಆದರೆ ಒಳಗಿಟ್ಟ ಲಕೋಟೆಯಲ್ಲಿ ಅಲ್ಲ; ನಾನು ಕಳಿಸಿದ ಹೊರಗಿನ ಲಕೋಟೆಯೇ ಬಂದಿತ್ತು. ಮೇಲೆ ಕೆಂಪು ಶಾಯಿಯಲ್ಲಿ, ಈ ವಿಳಾಸದಲ್ಲಿ ಯಾರೂ ಇಲ್ಲ ಎಂದು ಬರೆದಿತ್ತು. ಪತ್ರಿಕೆ ಸತ್ತಿತ್ತು. ಲಕೋಟೆಯ ಬಾಯಿ ಅಂಟಿಕೊಂಡೇ ಇತ್ತು. ನಾನೇ ಅದನ್ನು ಹರಿದು ತೆಗೆದೆ. ಒಳಗೆ ಅಗುಳು ಬಿಟ್ಟಿತ್ತು.

ಯಾರೂ ತೆಗೆಯದ ಲಕೋಟೆಯ ಒಳಗಿನ ಹಾಳೆ ಬಿಡುವುದು ಹೇಗೆ? ಹಾಗಾದರೆ ದೊಡ್ಡ ಪತ್ರಿಕೆಯವರು ಓದಿದ್ದು? ಆ ಬೆರಳಿನ ಗುರುತು? ಯಾರೋ ಇಲ್ಲೇ ಬಿಡಿಸಿ, ಓದಿ, ಮತ್ತೆ ಅಂಟಿಸುತ್ತಿದ್ದಾರೆ. ಆ ಯಾರೋ ಯಾರೆಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ಎಲ್ಲರ ಎದುರು ಲಕೋಟೆ ಎತ್ತಿ ಹಿಡಿದವರು, ಬಾಯಿ ತೆರೆದಿಡಿ ಎಂದವರು, ಇವರಲ್ಲದೆ ಇನ್ಯಾರು? ಬೆರಳಿನ ಗುರುತು ಬೆಲ್ಲದ್ದೇ ಎಂದು ನನಗೆ ಖಾತ್ರಿಯಾಯಿತು. ಮೂಸಿ ಕೂಡ ನೋಡಿದೆ.

ಅಂಚೆಯ ಮೇಲಿನವರಿಗೆ ದೂರು ಬರೆದೆ. ಪುತ್ತೂರಿಗೆ ಹೋದಾಗ ಅಲ್ಲಿಯೇ ಅಂಚೆಗೆ ಹಾಕಿದೆ.

ಮೂರು ವಾರದಲ್ಲಿ ಅಂಚೆ ಕಚೇರಿಗಳ ತಪಾಸಣೆ ಮಾಡುವ ಓವರ್ಸಿಯರರು ಬಂದರು. ಸೈಕಲ್ಲನ್ನು ಅಂಗಡಿಯ ಕಂಬಕ್ಕೆ ಒರಗಿಸಿ, ಕೊಡೆಯನ್ನು ಅದಕ್ಕೆ ತೂಗಿ, ನನ್ನನ್ನು ಶಾಲೆಯಿಂದ ಕರೆಸಿದರು. ನಾನು ಹೋಗುವಾಗ ಅಂಗಡಿಯ ಎದುರು ಹತ್ತು ಹದಿನೈದು ಜನ ಇದ್ದರು. ಪೋಸ್ಟ್ ಮಾಸ್ಟರು ನನ್ನ ಕಡೆ ನೋಡಲಿಲ್ಲ.

"ಇಪ್ಪತ್ತು ವರ್ಷ ಆಯ್ತು ಸಾರ್, ನಾನು ಈ ಕೆಲಸ ಮಾಡುದು. ಒಂದು ಕಾಗದ ನನ್ನ ಕೈಯಲ್ಲಿ ಬಿಚ್ಚಿದ್ದಿಲ್ಲ. ತಮಾಷೆ ಮಾಡಿದ್ದೇನೆ, ಇಲ್ಲ ಅಂತ ಹೇಳುದಿಲ್ಲ. ಬಿಚ್ಚಿದ್ದಿಲ್ಲ. ಬೇಕಾದರೆ ದೈವದ ಎದುರು ನಿಂತು ಹೇಳ್ತೇನೆ."

ಓವರ್ಸಿಯರರು ನಾನು ಕೊಟ್ಟ ಆ ಕೆಂಪು ಶಾಯಿಯ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬಾಯಿಯ ಅಂಚನ್ನು ಉಗುರಿನಿಂದ ಕೆರೆದರು.

"ಇದನ್ನು ಆವಿಗೆ ಹಿಡಿದು ತೆಗೆದದ್ದು. ಆಮೇಲೆ ಅನ್ನದಲ್ಲಿ ಅಂಟಿಸಿದ್ದು. ಅಂಗಡಿಯಲ್ಲಿ ಅನ್ನ ಬೇಯಿಸುದುಂಟಾ?" ಎಂದು ಕೇಳಿದರು. ಇಲ್ಲ ಎಂದರು ಜನ. ಅಂಗಡಿಯವರ ಮನೆ ಹೊಳೆಯ ಆಚೆ, ಕಡವಿನಲ್ಲಿ ದೋಣಿ ಹತ್ತಿ ದಾಟಬೇಕು.

"ಟೀಚರೇ, ನೀವು ಇದನ್ನು ಅಂಟಿಸಿದ ಕೂಡಲೇ ಇಲ್ಲಿಗೆ ತಂದದ್ದಾ?"

"ಇಲ್ಲ. ಎರಡು ದಿನ ಮನೆಯಲ್ಲಿತ್ತು."

"ಮನೆಯಲ್ಲಿ ಯಾರಿದ್ದಾರೆ?"

"ಅತ್ತೆ ಮಾತ್ರ. ಅವರಿಗೆ ಓದಲಿಕ್ಕೆ ಬರುದಿಲ್ಲ."

"ಬಿಡಿಸಲಿಕ್ಕೆ ಓದಲು ಬರಬೇಕೂಂತ ಇಲ್ಲ," ಎಂದರು ಓವರ್ಸಿಯರರು. "ಇನ್ನೊಂದು ಸಲ ನೋಡಿ. ಆಮೇಲೆ ನನಗೆ ಬರೀರಿ."

ನನಗೆ ಅವರ ಮೇಲೂ ಸಂಶಯ ಬಂತು. ಇಲಾಖೆಯವರು ಇಲಾಖೆಯವರನ್ನು ಬಿಟ್ಟುಕೊಡುತ್ತಾರೆಯೇ? ಆದರೂ ಆ ಆದಿತ್ಯವಾರ ಮೂರು ಹಾಳೆ ಬರೆದು, ಅಗುಳು ಅಂಟಿಸಿ, ಲಕೋಟೆ ಮುಚ್ಚಿ ಹಲಗೆಯ ಮೇಲೆ ಇಟ್ಟೆ. ಮಂಗಳವಾರ ಬೆಳಿಗ್ಗೆ ಅದನ್ನು ಅಂಗಡಿಗೆ ಕೊಡದೆ ಶಾಲೆಗೆ ಒಯ್ದೆ. ಮಕ್ಕಳು ಬರುವ ಮೊದಲು ಬಾಗಿಲು ಮುಂದೆ ಮಾಡಿ ಹರಿದು ನೋಡಿದೆ.

ಅಗುಳು ಬಿಟ್ಟಿತ್ತು.

ಆ ದಿನ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ಮನೆಗೆ ಹೋದಾಗ ಅತ್ತೆ ದನದ ಹಟ್ಟಿಯ ಎದುರು ಕೂತು ಹುಲ್ಲು ಕತ್ತರಿಸುತ್ತಿದ್ದರು. ಹಾಳೆಗಳನ್ನು ಅವರ ಎದುರು ನೆಲದಲ್ಲಿ ಇಟ್ಟೆ.

"ಇದನ್ನು ನೀವು ಬಿಡಿಸಿದ್ದಾ?"

ಅತ್ತೆ ಕತ್ತಿ ಕೆಳಗಿಟ್ಟರು. "ಹೌದು," ಎಂದರು.

ಇಷ್ಟು ಸುಲಭದಲ್ಲಿ ಹೌದು ಬರುತ್ತದೆಂದು ನಾನು ಎಣಿಸಿರಲಿಲ್ಲ. "ಯಾರ ಹತ್ತಿರ ಓದಿಸಿದ್ದು? ಹೇಳಿ. ಯಾರಿಗೆಲ್ಲ ತೋರಿಸಿದ್ದೀರಿ?"

"ಯಾರ ಹತ್ತಿರವೂ ಓದಿಸಲಿಲ್ಲ."

"ಮತ್ತೆ?"

ಅವರು ಮಾರ್ಗದ ಕಡೆ ಒಮ್ಮೆ ನೋಡಿದರು. ಹಾಳೆ ಅವರಿಗೆ ತಲೆಕೆಳಗಾಗಿ ಬಿದ್ದಿತ್ತು. ಅದನ್ನು ತಿರುಗಿಸಲೂ ಇಲ್ಲ. ಇದ್ದ ಹಾಗೇ ಬೆರಳು ಇಟ್ಟು, ತಗ್ಗಿದ ದನಿಯಲ್ಲಿ, ಒಂದೂ ಅಕ್ಷರ ತಪ್ಪದೆ ನನ್ನ ಕವನದ ಮೊದಲ ನಾಲ್ಕು ಸಾಲು ಓದಿದರು.

ನಾನು ಅಲ್ಲೇ ನೆಲದಲ್ಲಿ ಕೂತೆ.

"ನಿನ್ನ ಅಪ್ಪ ಸಣ್ಣದಿರುವಾಗ ನೆಲಕ್ಕೆ ಹರಡಿದ ಹೊಯಿಗೆಯಲ್ಲಿ, ಮರಳಿನಲ್ಲಿ, ಬೆರಳಿನಿಂದ ಬರೆದು ಕಲಿಯುತ್ತಿದ್ದ. ಎದ್ದು ಓಡದ ಹಾಗೆ ನೋಡಿಕೊಳ್ಳಲಿಕ್ಕೆ ನನ್ನನ್ನು ಎದುರು ಕೂರಿಸುತ್ತಿದ್ದರು. ನಾನು ಆಚೆ ಬದಿಯಿಂದ ಕಲಿತದ್ದು. ನನಗೆ ಈಗಲೂ ಹೀಗೆಯೇ ಸುಲಭ," ಎಂದರು.

"ಮತ್ತೆ ಹೆಬ್ಬೆಟ್ಟು ಎಂತಕ್ಕೆ ಒತ್ತುದು?"

ಅದಕ್ಕೆ ಅವರು ಹೇಳಿದ್ದು ಇಷ್ಟು. ಮದುವೆಯಾಗಿ ಗುತ್ತಿಗಾರಿನ ಕಡೆಯ ದೊಡ್ಡ ಮನೆಗೆ ಹೋದಾಗ ಅವರಿಗೆ ಓದಲು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮಾವನವರೇ ಕಾಗದ ಓದಿಸಿಕೊಳ್ಳುತ್ತಿದ್ದರು. ಒಂದು ಸಲ ಅಣ್ಣತಮ್ಮಂದಿರ ನಡುವಿನ ಒಂದು ಗುಟ್ಟು ಹೊರಗೆ ಹೋಯಿತು. ಯಾರು ಹೇಳಿದರೆಂದು ಯಾರಿಗೂ ಗೊತ್ತಿಲ್ಲ. ಪೆಟ್ಟಿಗೆಯಲ್ಲಿದ್ದ ಕಾಗದ ಓದಿದವಳು ಇವಳೇ ಎಂದು ಎಲ್ಲರೂ ಹೇಳಿದರು. ಅತ್ತೆ ಆ ಕಾಗದವನ್ನು ಕಂಡೂ ಇರಲಿಲ್ಲ. ಗಂಡ ಬದುಕಿದ್ದ ಎರಡು ವರ್ಷವೂ ಆ ಮಾತು ಹೋಗಲಿಲ್ಲ; ತೀರಿಕೊಂಡ ಮೇಲೆ ಇನ್ನೂ ಬೆಳೆಯಿತು. ಪಾಲು ಮಾಡಿ ಇಲ್ಲಿಗೆ ಕಳಿಸಿದರು. ಇಲ್ಲಿಗೆ ಬಂದ ದಿನವೇ ಅತ್ತೆ ಹೆಬ್ಬೆಟ್ಟು ಒತ್ತಲು ಶುರು ಮಾಡಿದರು.

"ಓದಲಿಕ್ಕೆ ಬಾರದವಳ ಮೇಲೆ ಯಾರಿಗೂ ಸಂಶಯ ಇಲ್ಲ," ಎಂದರು.

"ನನ್ನ ಮೇಲೆ ನಿಮಗೆ ಸಂಶಯ ಇತ್ತಲ್ಲ."

"ಇತ್ತು. ನಿನ್ನ ಅಪ್ಪ ಹೇಳಿ ಹೋಗಿದ್ದ. ಅಂಗಡಿಯಲ್ಲಿಯೂ ಹಾಗೆ ಹೇಳಿದರು. ಮೊದಲು ಬಿಡಿಸಿದ್ದು ಗಂಡಸು ಉಂಟಾ ಅಂತ ನೋಡಲಿಕ್ಕೆ. ಇರಲಿಲ್ಲ. ಆಮೇಲೆ ಬಿಡಿಸಿದ್ದು..." ಅವರು ಮಾತು ನಿಲ್ಲಿಸಿ ಹುಲ್ಲು ಒಟ್ಟು ಮಾಡಿದರು. "ಇಲ್ಲಿ ಓದಲಿಕ್ಕೆ ಬೇರೆ ಎಂತ ಉಂಟು?"

ನನಗೆ ಕರುಣೆ ಬಂತು ಎಂದು ಬರೆದರೆ ಸುಳ್ಳಾದೀತು. ಕೋಪವೇ ಬಂದದ್ದು. ನಾನು ನಾಲ್ಕು ದಿನ ಅವರ ಹತ್ತಿರ ಮಾತಾಡಲಿಲ್ಲ. ಇಷ್ಟು ವರ್ಷ ಇಡೀ ಊರನ್ನೇ ನಂಬಿಸಿದವರು ನನ್ನ ಹತ್ತಿರ ಹೇಳಿದ್ದು ಎಷ್ಟು ನಿಜವೋ ಎಂದೂ ಅನಿಸಿತು. ಬಟ್ಟೆಯ ಹಲಗೆಯಿಂದ ನೋಟು ಪುಸ್ತಕಗಳನ್ನು ತೆಗೆದು ಶಾಲೆಯ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ.

ಐದನೇ ದಿನ ಅತ್ತೆಯೇ ಮಾತು ತೆಗೆದರು, ನನ್ನ ಸಿಟ್ಟು ತಮಗೆ ಸಂಬಂಧವೇ ಇಲ್ಲದ ಹಾಗೆ.

"ಆ ತಾವರೆಯದ್ದು ಬರೆದಿದ್ದೀಯಲ್ಲ, ಅದನ್ನು ನೀನು ಎಲ್ಲಿ ಕಂಡದ್ದು?"

"ಯಾವುದನ್ನು?"

"ಕೆರೆಯಲ್ಲಿ ತಾವರೆ, ಅದರ ಮೇಲೆ ಹಂಸ. ಈ ಸುತ್ತಿನಲ್ಲಿ ಯಾವ ಕೆರೆಯಲ್ಲಿ ಹಂಸ ಉಂಟು? ನನಗೆ ಓದುವಾಗಲೇ ಸಂಶಯ ಬಂತು. ಇದು ಇವಳು ಕಂಡದ್ದಲ್ಲ, ಯಾರದ್ದೋ ನೋಡಿ ಬರೆದದ್ದು ಅಂತ."

ಪತ್ರಿಕೆಯವರು ಮೂರನೇ ಹಾಳೆಯವರೆಗೆ ಯಾಕೆ ಹೋಗಲಿಲ್ಲ ಎಂದು ಆಗ ಮೊದಲ ಸಲ ತಿಳಿಯಿತು. ಅಗುಳು ಬಿಡದೆ ಬಂದ ಕವನದಲ್ಲೂ ಹಂಸ ಮೊದಲ ಹಾಳೆಯಲ್ಲೇ ಇತ್ತು.

ಪೋಸ್ಟ್ ಮಾಸ್ಟರ ವಿಷಯ ಬಾಕಿ ಇತ್ತು. ಅತ್ತೆ ಒಂದೇ ಮಾತು ಕೇಳಿಕೊಂಡಿದ್ದರು, ತನಗೆ ಓದಲು ಬರುತ್ತದೆಂದು ಯಾರಿಗೂ ಹೇಳಬಾರದು ಎಂದು. ಹಾಗಾಗಿ ನಿಜ ಹೇಳುವ ಹಾಗಿರಲಿಲ್ಲ. ಶುಕ್ರವಾರ ಜನ ಇರುವ ಹೊತ್ತನ್ನೇ ನೋಡಿ ಅಂಗಡಿಗೆ ಹೋಗಿ, "ತಪ್ಪು ನನ್ನದೇ. ಲಕೋಟೆಯನ್ನು ನಾನೇ ಮತ್ತೊಮ್ಮೆ ಬಿಡಿಸಿ ಅಂಟಿಸಿದ್ದು ಮರೆತುಹೋಗಿತ್ತು. ದೂರು ವಾಪಸು ತೆಗೆದುಕೊಂಡೆ ಅಂತ ಬರೆದಿದ್ದೇನೆ," ಎಂದೆ.

ಒಬ್ಬರೂ ನಂಬಲಿಲ್ಲ. ಬೀಡಿ ಸೇದುತ್ತಿದ್ದ ಒಬ್ಬರು, "ಮರೆತುಹೋಗುದಾ!" ಎಂದು ತಲೆ ಆಡಿಸಿದರು. ಅಲ್ಲಿಯವರೆಗೆ ಊರಿಗೆ ನನ್ನ ಗುಣದ ಮೇಲೆ ಸಂಶಯ ಇತ್ತು. ಈಗ ತಲೆಯ ಮೇಲೂ ಬಂತು.

ಪೋಸ್ಟ್ ಮಾಸ್ಟರು, "ಆಯ್ತು ಟೀಚರೇ," ಎಂದಷ್ಟೇ ಹೇಳಿದರು. ಆದರೆ ಅಂದಿನಿಂದ ನಾನು ಲಕೋಟೆ ಕೊಟ್ಟಾಗಲೆಲ್ಲ ಅದರ ನಾಲ್ಕೂ ಅಂಚನ್ನು ನನ್ನೆದುರೇ ತಿರುಗಿಸಿ ತೋರಿಸಿ, "ಸರಿ ಉಂಟಾ? ನೋಡಿಕೊಳ್ಳಿ," ಎಂದು ನನ್ನ ಬಾಯಿಯಿಂದ ಸರಿ ಉಂಟು ಎಂದು ಹೇಳಿಸದೆ ಮುದ್ರೆ ಒತ್ತುತ್ತಿರಲಿಲ್ಲ. ತಮಾಷೆ ಪೂರ್ತಿ ನಿಂತಿತು. ಅದು ನಿಂತದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ನಾನು ಕೆಲವು ತಿಂಗಳು ಏನೂ ಬರೆಯಲಿಲ್ಲ. ಆಮೇಲೆ ಒಂದು ದಿನ ಕಡವಿನಲ್ಲಿ ಕಂಡದ್ದನ್ನು ಬರೆದೆ. ಒಬ್ಬಳು ಹೆಂಗಸು ಕರುವನ್ನು ದೋಣಿಯಲ್ಲಿ ದಾಟಿಸಬೇಕೆಂದು ಹಟ ಹಿಡಿದದ್ದು, ದೋಣಿಯವನು ಬೇಡ ಎಂದದ್ದು, ಕೊನೆಗೆ ಅವಳು ಕರುವಿನ ಕಣ್ಣಿಗೆ ಸೆರಗು ಕಟ್ಟಿ ಮಡಿಲಲ್ಲಿ ಹಿಡಿದು ಕೂತದ್ದು. ಕವನ ಅಲ್ಲ, ಐದು ಪುಟದ ಕತೆ. ಅತ್ತೆಗೆ ನಾನೇ ಕೊಟ್ಟೆ. ಅವರು ತಲೆಕೆಳಗೆ ಹಿಡಿದು ಓದಿ, "ಇದು ಕಂಡದ್ದು," ಎಂದರು.

ಎಲ್ಲಿಗೆ ಕಳಿಸುವುದು? ಗೊತ್ತಿದ್ದ ವಿಳಾಸಗಳ ಮೇಲೆ ನನಗೆ ನಂಬಿಕೆ ಹೋಗಿತ್ತು. ಆ ವಾರ ಕೊತ್ತಂಬರಿ ಕಟ್ಟಿ ಕೊಟ್ಟ ಕಾಗದ ಬಿಡಿಸಿದರೆ ಅದೊಂದು ಹೊಸ ಮಾಸಪತ್ರಿಕೆಯ ಕೊನೆಯ ಪುಟ. ಹಳೆಯದಲ್ಲ, ಹಿಂದಿನ ತಿಂಗಳದ್ದು. ವಿಳಾಸ ಒಂದಕ್ಷರವೂ ಹರಿಯದೆ ಇತ್ತು. ಹಿಂದಿನ ತಿಂಗಳ ಪತ್ರಿಕೆಯಲ್ಲಿ ಯಾರಾದರೂ ಕೊತ್ತಂಬರಿ ಕಟ್ಟುತ್ತಾರೆಯೇ? ಪೋಸ್ಟ್ ಮಾಸ್ಟರು ಬೇಕೆಂದೇ ಕಟ್ಟಿದರೋ, ಕೈಗೆ ಸಿಕ್ಕಿದ್ದನ್ನು ಕಟ್ಟಿದರೋ, ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ.

ಕತೆ ಕಳಿಸಿದೆ. ಹತ್ತೊಂಬತ್ತು ದಿನಕ್ಕೆ ಒಂದು ಕಾರ್ಡು ಬಂತು. ಕತೆ ಚೆನ್ನಾಗಿದೆ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ ಎಂದು ಎರಡು ಸಾಲು. ಪೋಸ್ಟ್ ಮಾಸ್ಟರು ಅದನ್ನು ಕೊಡುವಾಗ ಅವರ ತುಟಿಯ ಮೂಲೆಯಲ್ಲಿ ಏನೋ ಇತ್ತು. ನನಗೆ ಕೂಡಲೇ ಸಂಶಯ ಬಂತು. ಇದು ಇವರೇ ಬರೆದದ್ದು. ಊರೆಲ್ಲ ಹೇಳಿಕೊಂಡು ತಿರುಗಿ ಆಮೇಲೆ ನಾನು ಪೆಚ್ಚಾಗಲಿ ಎಂದು. ನಾನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಮುದ್ರೆ ನೋಡಿ ಟೀಚರೇ," ಎಂದರು ಅವರು. "ಹುಬ್ಬಳ್ಳಿಯದ್ದು. ನಾನು ಹುಬ್ಬಳ್ಳಿ ಕಂಡವನಲ್ಲ. ಮತ್ತೆ ಅದು ಕಾರ್ಡು. ಓದಿದ್ದೇನೆ. ಕಾರ್ಡು ಓದಿದರೆ ದೂರು ಬರೀಲಿಕ್ಕೆ ಆಗುದಿಲ್ಲ."

ಎಷ್ಟೋ ತಿಂಗಳ ಮೇಲೆ ಅವರು ನನ್ನ ಹತ್ತಿರ ಆಡಿದ ಉದ್ದದ ಮಾತು ಅದು.

ಕತೆ ಅಚ್ಚಾಯಿತು. ಒಂದು ಪ್ರತಿ ಬಂತು. ಅತ್ತೆ ಅದನ್ನು ಹಟ್ಟಿಯ ಹಿಂದೆ ಕೂತು ಓದಿದರು. ಖುಷಿಯಾಗುತ್ತಾರೆಂದು ನಾನು ಕಾದಿದ್ದೆ.

"ಇವರು ನಿನ್ನದನ್ನು ಯಾಕೆ ಹಾಕಿದ್ದು?"

"ಒಳ್ಳೆದುಂಟು ಅಂತ."

"ಒಳ್ಳೆದುಂಟು, ಸರಿ. ಅವರಿಗೆ ಅದರಿಂದ ಎಂತ ಲಾಭ? ಹುಡುಗಿ ಅಂತ ಗೊತ್ತಾಗಿ ಹಾಕಿದ್ದಾ?"

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಮುಂದಿನ ಕತೆಯನ್ನು ಹೆಸರಿಲ್ಲದೆ, ಎರಡು ಇನಿಶಿಯಲ್ ಮತ್ತು ಊರಿನ ಹೆಸರು ಮಾತ್ರ ಹಾಕಿ, ಬೇರೆ ಪತ್ರಿಕೆಗೆ ಕಳಿಸಿದೆ. ಪೋಸ್ಟ್ ಮಾಸ್ಟರ ಹತ್ತಿರ ಮೊದಲೇ ಹೇಳಿ ಇಟ್ಟೆ, ಆ ಹೆಸರಿಗೆ ಬಂದರೆ ಅದು ನನಗೆ ಎಂದು. ಅವರು ಯಾಕೆ ಎಂದು ಕೇಳಲಿಲ್ಲ. ಕತೆ ವಾಪಸು ಬಂತು. ಆದರೆ ಈ ಸಲ ಒಳಗೆ ಒಂದು ಚೀಟಿ ಇತ್ತು. 'ಶ್ರೀಯುತರೇ' ಎಂದು ಶುರುವಾಗಿತ್ತು. ಕತೆ ಉದ್ದವಾಯಿತು, ಎರಡು ಪುಟ ಕಡಿಮೆ ಮಾಡಿ ಕಳಿಸಿದರೆ ಪರಿಶೀಲಿಸುತ್ತೇವೆ ಎಂದಿತ್ತು.

ಅತ್ತೆ ಚೀಟಿಯನ್ನು ಓದಿದರು. ಮತ್ತೆ ಕತೆಯನ್ನು ಎತ್ತಿಕೊಂಡರು. ಮೊದಲ ಎರಡು ಹಾಳೆಗಳನ್ನು ಬೇರೆ ಮಾಡಿ ನನ್ನ ಕಡೆ ದೂಡಿದರು.

"ಇದನ್ನು ತೆಗೆ. ಮಳೆ ಬಂದದ್ದು, ಹೊಳೆ ತುಂಬಿದ್ದು. ಅದು ಎಲ್ಲರಿಗೂ ಗೊತ್ತುಂಟು. ಅವಳು ಬಾಗಿಲು ತೆಗೆದಲ್ಲಿಂದ ಶುರು ಮಾಡು."

ಆ ಎರಡು ಪುಟ ನನಗೆ ಬಹಳ ಇಷ್ಟದವು. ಅವರಿಗೆ ಎಂತ ಗೊತ್ತುಂಟು ಎಂದುಕೊಂಡೆ. ಆ ದಿನ ತೆಗೆಯಲಿಲ್ಲ. ಮರುದಿನ ತೆಗೆದೆ.